ಅಮ್ಮ ತೇಲಿದ ಸುದ್ದಿ

ಗುರುವಾರ, ಬೆಳಿಗ್ಗೆ

ನನ್ನ ಅವಸರದ ಮಗಳೇ,

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ, ನಿನ್ನ ಅಪ್ಪ ಚೆನ್ನಾಗಿದ್ದಾರೆ, ಮನೆಯ ಛಾವಣಿ ಇದ್ದಲ್ಲೇ ಇದೆ. ಈ ಕಾಲದಲ್ಲಿ ಅಂಚೆಯಲ್ಲಿ ಕಾಗದ ಬಂತೆಂದರೆ ಯಾರಿಗೇ ಆದರೂ ಎದೆ ಧಸಕ್ಕೆನ್ನುತ್ತದೆ. ಅದರಲ್ಲೂ ನೀನು ಟಿವಿ ಸುದ್ದಿ ವಿಭಾಗದಲ್ಲಿ ಕೂತು ದಿನವಿಡೀ ಊರವರಿಗೆಲ್ಲ ಅನಾಹುತಗಳನ್ನೇ ಬಡಿಸುವವಳು.

ಫೋನ್ ಮಾಡದೆ ಕಾಗದ ಯಾಕೆ ಅಂತೀಯಾ? ಹೋದ ತಿಂಗಳು ಅಳಿಯಂದಿರು ಮಾತಿನ ಭರದಲ್ಲಿ ಒಂದು ಗುಟ್ಟು ಬಿಟ್ಟುಕೊಟ್ಟರು. ನಾನು ಫೋನಿನಲ್ಲಿ ಮಾತಾಡಿ ಕಳಿಸುತ್ತೇನಲ್ಲ, ಅದನ್ನು ನೀನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿಕೊಂಡು ಕೇಳುತ್ತೀಯಂತೆ. "ಅತ್ತೆ, ಆಗ ನಿಮ್ಮ ದನಿ ಥೇಟ್ ಅಳಿಲಿನ ಥರ ಕೇಳುತ್ತೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಸಿಟ್ಟು ಬರಲಿಲ್ಲ ಕಣೇ, ಒಂಚೂರು ಹೆಮ್ಮೆಯೇ ಆಯಿತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು! ಆದರೆ ಇವತ್ತು ಹೇಳಬೇಕಾದದ್ದನ್ನು ಅಳಿಲಿನ ದನಿಯಲ್ಲಿ ಹೇಳಲು ಮನಸ್ಸು ಬರಲಿಲ್ಲ.

ಹಾಗಾದರೆ ಕೇಳು. ನಿಮ್ಮವರ ಭಾಷೆಯಲ್ಲೇ ಹೇಳುವುದಾದರೆ, ಬ್ರೇಕಿಂಗ್ ನ್ಯೂಸ್: ನಿನ್ನ ಅಮ್ಮ ತೇಲಿದಳು!

ನೀರಿನ ಮೇಲೆ ಕಣೇ! ಅಂಗಾತ, ಎರಡೂ ಕೈ ಚಾಚಿ, ಕೆಳಗೆ ಎರಡಾಳು ಆಳದ ನೀರಿರುವಾಗ! ಬರೆಯುವಾಗಲೂ ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ತಡೆ, ಹೀಗೆ ಬಾಲದಿಂದ ಶುರು ಮಾಡಿದರೆ ನಿನಗೆ ತಲೆಬುಡ ತಿಳಿಯುವುದಿಲ್ಲ. ಮೊದಲಿನಿಂದ ಹೇಳುತ್ತೇನೆ.

ನೀನು ಚಿಕ್ಕವಳಿದ್ದಾಗ ನನ್ನ ಜೊತೆ ಬರುತ್ತಿದ್ದೆಯಲ್ಲ, ಆ ಆಸ್ಪತ್ರೆಯ ಲಾಂಡ್ರಿ ಈಗಲೂ ಅದೇ ನೆಲಮಾಳಿಗೆಯಲ್ಲಿ, ಅದೇ ಹಬೆಯಲ್ಲಿ ಬೇಯುತ್ತಿದೆ. ವಾರ್ಡುಗಳಿಂದ ಬಂದು ಧೊಪ್ಪೆಂದು ಬೀಳುವ ಕೊಳೆ ಬಟ್ಟೆಯ ಗಂಟುಗಳು, ತೊಳೆಯುವ ಯಂತ್ರಗಳ ಗುಡುಗು, ಇಸ್ತ್ರಿ ಉರುಳೆಗಳ ಬಾಯಿಂದ ಬಿಸಿಬಿಸಿಯಾಗಿ ಹೊರಬೀಳುವ ಬೆಡ್‌ಶೀಟುಗಳು, ಇವುಗಳ ಮಧ್ಯೆ ಕಾಲಿಗೆ ಚಕ್ರ ಕಟ್ಟಿಕೊಂಡ ಮೇಲ್ವಿಚಾರಕಿ ನಾನು. "ಬೇಗ, ಬೇಗ" ಎನ್ನದೆ ಒಂದು ವಾಕ್ಯ ಮುಗಿಸಿದವಳಲ್ಲ. ಹುಡುಗಿಯರು ನನ್ನ ಬೆನ್ನ ಹಿಂದೆ ನನಗೆ 'ಬೇಗಮ್ಮ' ಎಂದು ಹೆಸರಿಟ್ಟಿರುವುದೂ ನನಗೆ ಗೊತ್ತು. ಗೊತ್ತಿಲ್ಲದವಳಂತೆ ಇರುತ್ತೇನೆ, ಅಷ್ಟೆ.

ಬೇಸಿಗೆಯ ಶುರುವಿನಲ್ಲಿ ಒಂದು ದಿನ ಬಾಯ್ಲರ್ ಕೆಟ್ಟು ಕೂತಿತು. ಉಗಿ ಇಲ್ಲದಿದ್ದರೆ ಲಾಂಡ್ರಿಯಲ್ಲಿ ಏನಿದೆ? ಬಟ್ಟೆಯನ್ನೆಲ್ಲ ಹೊರಗೆ ತೊಳೆಯಲು ಕಳಿಸಿದ್ದಾಯಿತು. ಮೆಕ್ಯಾನಿಕ್ ತಲೆಯೆತ್ತಿ, "ಅಮ್ಮಾ, ಸಂಜೆವರೆಗೂ ಇದು ಏಳಲ್ಲ. ನೀವು ಇಲ್ಲಿ ನಿಂತ್ಕೊಂಡು ನನ್ನ ಕುತ್ತಿಗೆ ಮೇಲೆ ಉಸಿರು ಬಿಟ್ರೂ ಏಳಲ್ಲ. ಮನೆಗೆ ಹೋಗಿ" ಎಂದ. ಹಾಡಹಗಲಲ್ಲಿ ಕೆಲಸವಿಲ್ಲದೆ ನಿಂತು ನನಗೆ ಅಭ್ಯಾಸವೇ ಇಲ್ಲವಲ್ಲ, ಬಾಲ ಸುಟ್ಟ ಬೆಕ್ಕಿನ ಹಾಗೆ ಆ ಮೂಲೆಯಿಂದ ಈ ಮೂಲೆಗೆ ತಿರುಗಿದೆ. ಆಗ ಕಪಾಟಿನ ಮೇಲಿದ್ದ ಬುಟ್ಟಿ ಕಣ್ಣಿಗೆ ಬಿತ್ತು. ನಗರದ ಈಜುಕೊಳದ ಟವೆಲುಗಳೂ ನಮ್ಮಲ್ಲಿಗೇ ತೊಳೆಯಲು ಬರುತ್ತವೆ. ಅವುಗಳ ಮಡಿಕೆಯಲ್ಲಿ ಸಿಕ್ಕಿದ ಈಜುಕನ್ನಡಕ, ರಬ್ಬರ್ ಟೋಪಿಗಳನ್ನು ಆ ಬುಟ್ಟಿಗೆ ಹಾಕಿಡುತ್ತಿದ್ದೆವು. ಸುಮ್ಮನಿರುವ ಬದಲು ಇದನ್ನಾದರೂ ಕೊಟ್ಟು ಬರೋಣ ಎಂದು ಬುಟ್ಟಿ ಎತ್ತಿಕೊಂಡು ದಡಬಡ ಹೊರಟೆ.

ಇಷ್ಟು ವರ್ಷ ಅದರ ಟವೆಲು ಒಗೆದವಳು ಆ ಕೊಳವನ್ನೇ ನೋಡಿರಲಿಲ್ಲ ನೋಡು!

ಒಳಗೆ ಕಾಲಿಟ್ಟೆ. ಉದ್ದನೆಯ ಹಜಾರ, ಗಾಜಿನ ಸೂರು. ಮಕ್ಕಳ ತರಗತಿ ಆಗಷ್ಟೇ ಮುಗಿದಿತ್ತು, ಕೊಳ ಖಾಲಿ. ನನಗೆ ನೀರೆಂದರೆ ಏನು? ಕುದಿಯುವುದು, ನೊರೆ ಕಾರುವುದು, ಯಂತ್ರದ ದುಂಡು ಗಾಜಿನ ಹಿಂದೆ ಗಿರಗಿರನೆ ಸುತ್ತಿ ಕೊನೆಗೆ ಕೊಳೆಯಾಗಿ ಮೋರಿ ಸೇರುವುದು. ಇಲ್ಲಿನ ನೀರು ಏನೂ ಮಾಡದೆ ಬಿದ್ದುಕೊಂಡಿತ್ತು. ಬಿಸಿಲು ಅದರ ಮೈಮೇಲೆ ಹರಿದಾಡುತ್ತಿತ್ತು. ಬುಟ್ಟಿ ಹಿಡಿದು ಹಾಗೇ ನಿಂತುಬಿಟ್ಟೆ.

ಅಲ್ಲಿನ ತರಬೇತುದಾರಳನ್ನು ಎಲ್ಲರೂ 'ಸೀಟಿ ಟೀಚರ್' ಎನ್ನುತ್ತಾರೆ. ನಿನಗಿಂತ ಚಿಕ್ಕವಳು, ಹಿಂದೆ ಪಂದ್ಯಗಳಲ್ಲಿ ಈಜುತ್ತಿದ್ದವಳು. ಬಾಯಲ್ಲಿ ಸೀಟಿ, ಕುತ್ತಿಗೆಯಲ್ಲಿ ಸ್ಟಾಪ್‌ವಾಚು. ಬುಟ್ಟಿ ತೆಗೆದುಕೊಳ್ಳುತ್ತ, "ಆಂಟಿ, ನಿಮಗೆ ಈಜು ಬರುತ್ತಾ?" ಎಂದಳು.

"ಜೀವನ ಪೂರ್ತಿ ನೀರಿನ ಜೊತೇನೇ ಇದ್ದೀನಮ್ಮ" ಎಂದೆ ಗತ್ತಿನಿಂದ.

"ಜೊತೆ ಅಲ್ಲ ಆಂಟಿ. ಒಳಗೆ?"

ಉತ್ತರ ಹೊಳೆಯದಿದ್ದರೆ ನಾನು ಏನು ಮಾಡುತ್ತೇನೆ ನಿನಗೆ ಗೊತ್ತಲ್ಲ. ಅಲ್ಲೇ, ನಿಂತ ನಿಲುವಿನಲ್ಲೇ, ಬೆಳಗಿನ ತರಗತಿಗೆ ಹೆಸರು ಕೊಟ್ಟು ಬಂದೆ.

ಈಜುಡುಗೆ ಕೊಳ್ಳಲು ಹೋದ ಕಥೆ ಬೇರೆಯೇ ಇದೆ. ಅಂಗಡಿಯವಳ ಮುಂದೆ ಹೊಲಿಗೆ ತಿರುಗಿಸಿ ತಿರುಗಿಸಿ ನೋಡಿ, ಇದು ಎಷ್ಟು ಒಗೆತಕ್ಕೆ ಬಾಳುತ್ತದೆ ಎಂದು ಕೇಳಿದೆ. ನಿನ್ನ ಅಪ್ಪ ಮೂರು ಹೆಜ್ಜೆ ದೂರ ಸರಿದು, ನನ್ನ ಪರಿಚಯವೇ ಇಲ್ಲದವರ ಹಾಗೆ ಬೆಲ್ಟುಗಳನ್ನು ನೋಡುತ್ತ ನಿಂತರು. ಅದನ್ನು ನಾವು ಕೂತಾಗ ಹೇಳುತ್ತೇನೆ.

ಮೊದಲ ವಾರವೆಲ್ಲ ನಾನು ಮುಳುಗಿದ್ದೇ ಮುಳುಗಿದ್ದು. ಹಳೆಯ ಇದ್ದಿಲಿನ ಇಸ್ತ್ರಿಪೆಟ್ಟಿಗೆಯ ಹಾಗೆ ನೇರ ತಳಕ್ಕೆ! ಸೊಂಟದವರೆಗಿನ ನೀರಿನಲ್ಲಿ ಮುಳುಗುವುದಕ್ಕೂ ಒಂದು ಪ್ರತಿಭೆ ಬೇಕು. ನನಗೋ ಈಜನ್ನೂ ಒಂದು ವಾರದಲ್ಲಿ ಮುಗಿಸಿ ಮುಂದಿನ ಕೆಲಸ ನೋಡುವ ತರಾತುರಿ. ಕೈ ಬಡಿದೆ, ಕಾಲು ಬಡಿದೆ, ಪಕ್ಕದಲ್ಲಿದ್ದ ನಿವೃತ್ತ ಮೇಷ್ಟರ ಮೂಗಿಗೂ ಬಡಿದೆ. ಸೀಟಿ ಟೀಚರ್ ದಡದಿಂದ, "ಕಾಲು ಆಡಿಸಿ! ಇನ್ನೂ ಬೇಗ! ಬೇಗ!" ಎಂದು ಅರಚುತ್ತಿದ್ದಳು. ಮೂಗು, ಬಾಯಿಗೆಲ್ಲ ನೀರು ತುಂಬಿಕೊಂಡು ಆ 'ಬೇಗ ಬೇಗ' ಕೇಳುವಾಗ ನನ್ನ ಲಾಂಡ್ರಿಯ ಹುಡುಗಿಯರ ಮೇಲೆ ಮೊದಲ ಬಾರಿಗೆ ಅಯ್ಯೋ ಅನ್ನಿಸಿತು.

ನಿನ್ನ ಅಪ್ಪ ದಿನವೂ ನನ್ನ ಜೊತೆ ಬಂದು, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಬೆಂಚಿನ ಮೇಲೆ ಕೂರುತ್ತಿದ್ದರು. ಬಸ್ ಓಡಿಸಿ ನಿವೃತ್ತರಾದ ಮನುಷ್ಯ, ಯಾವುದಕ್ಕೂ ಅವಸರ ಪಡುವವರಲ್ಲ. ಹಸಿರು ದೀಪ ಹತ್ತಿದ ಮೇಲೂ ಒಂದು ಸಲ ಎಡಬಲ ನೋಡುವ ಪೈಕಿ. ಒಂದು ದಿನ ನಾನು ಕೆಮ್ಮುತ್ತ ಅಂಚಿಗೆ ಆತುಕೊಂಡಾಗ ಬಗ್ಗಿ, ಮೆಲ್ಲಗೆ ಹೇಳಿದರು: "ಎಷ್ಟು ಅಂತ ಆಕ್ಸಿಲರೇಟರ್ ತುಳೀತೀಯೇ? ಒಂದ್ಸಲ ನ್ಯೂಟ್ರಲ್‌ಗೆ ಹಾಕು."

ನನಗೆ ಉರಿದುಹೋಯಿತು. "ನಿಮಗೇನ್ರೀ, ದಡದ ಮೇಲೆ ಚಹಾ ಕುಡೀತಾ ಹೇಳೋದು ಸುಲಭ. ನ್ಯೂಟ್ರಲ್‌ಗೆ ಹಾಕಿದ್ರೆ ಮುಳುಗ್ತೀನಿ" ಎಂದೆ.

"ಈಗೇನು ತೇಲ್ತಾ ಇದೀಯಾ?"

ಆ ಮಾತಿಗೆ ಸೀಟಿ ಟೀಚರಿನ ಬಾಯಿಂದ ಸೀಟಿ ಬಿದ್ದುಹೋಗುವಷ್ಟು ನಗು. ನನಗೆ ಅವಮಾನ. ಸರಿ, ಮುಳುಗಿಯೇ ತೋರಿಸುತ್ತೇನೆ, ಆಗ ಈ ಮನುಷ್ಯನಿಗೆ ಬುದ್ಧಿ ಬರುತ್ತದೆ ಎಂದು ಹಟಕ್ಕೆ ಬಿದ್ದು, ಅಂಗಾತ ಮಲಗಿ ಕೈಕಾಲು ಬಿಟ್ಟುಬಿಟ್ಟೆ. ಕಣ್ಣು ಮುಚ್ಚಿ ಮುಳುಗುವುದನ್ನೇ ಕಾದೆ.

ಮುಳುಗಲಿಲ್ಲ ಕಣೇ!

ಕಿವಿಗಳು ನೀರಿನೊಳಗೆ ಹೋದವು, ಲೋಕದ ಗದ್ದಲವೆಲ್ಲ ಯಾರೋ ಬಾಗಿಲು ಮುಚ್ಚಿದ ಹಾಗೆ ನಿಂತಿತು. ಯಂತ್ರಗಳ ಸದ್ದಿನಲ್ಲೇ ಮುದುಕಿಯಾದವಳು ನಾನು, ಮಲಗಿದಾಗಲೂ ಕಿವಿಯಲ್ಲಿ ಗುಂಯ್ ಎನ್ನುತ್ತಲೇ ಇರುತ್ತಿತ್ತು. ಈಗ ಕೇಳಿಸಿದ್ದು ಒಂದೇ, ನನ್ನ ಉಸಿರು. ಒಳಗೆಳೆದುಕೊಂಡಾಗ ಇಷ್ಟೇ ಇಷ್ಟು ಮೇಲೇಳುತ್ತಿದ್ದೆ, ಬಿಟ್ಟಾಗ ಇಷ್ಟೇ ಇಷ್ಟು ಇಳಿಯುತ್ತಿದ್ದೆ. ಕಣ್ಣು ಬಿಟ್ಟರೆ ಗಾಜಿನ ಸೂರಿನ ಮೇಲೆ ಒಂದು ಪಾರಿವಾಳ ತನ್ನ ಕೆಂಪು ಪಾದಗಳನ್ನು ತೋರಿಸುತ್ತ ಠೀವಿಯಿಂದ ಅಡ್ಡಾಡುತ್ತಿತ್ತು. ಪಾರಿವಾಳದ ಅಂಗಾಲನ್ನು ನೋಡಿದ್ದೀಯಾ ನೀನು? ನಾನು ನೋಡಿದೆ! ಎದ್ದು ನಿಂತು ಜೋರಾಗಿ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ಮೇಷ್ಟರು ಮಾತ್ರ ಮೂಗು ಮುಚ್ಚಿಕೊಂಡರು.

ಅಂದು ಲಾಂಡ್ರಿಗೆ ಹೋದವಳಿಗೆ ಹೊಸ ಜಾಗಕ್ಕೆ ಬಂದಂತಾಗಿತ್ತು. ದಿಂಬಿನ ಚೀಲ ಮಡಚುವ ಹುಡುಗಿ ಎಡಚಿ ಎಂದು ಅಂದೇ ಗೊತ್ತಾಗಿದ್ದು. ಪಾಪ, ಮೇಜನ್ನು ಬಲಗೈಯವರಿಗೆ ಹೊಂದುವ ಹಾಗೆ ಇಟ್ಟು ಇಷ್ಟು ದಿನ ಅವಳನ್ನೇ ಬೈದಿದ್ದೆ. ಮೇಜು ತಿರುಗಿಸಿ ಹಾಕಿಸಿದೆ. ಇನ್ನೊಬ್ಬಳು ಬಿಸಿ ಬಟ್ಟೆಯ ಗಾಡಿ ತಳ್ಳಿಕೊಂಡು ಓಡಿ ಬರುತ್ತಿದ್ದಳು. "ನಿಧಾನ ಕಣಮ್ಮ, ಬಿದ್ದೀಯ" ಎಂದೆ. ಇಡೀ ಲಾಂಡ್ರಿ ಗಕ್ಕನೆ ನಿಂತಿತು. ಒಬ್ಬಳು ಹತ್ತಿರ ಬಂದು, "ಮೇಡಂ, ಜ್ವರ ಏನಾದ್ರೂ ಇದೆಯಾ?" ಎಂದು ಹಣೆ ಮುಟ್ಟಿ ನೋಡಿದಳು!

ಇಲ್ಲಿಯವರೆಗೆ ಬರೆಯುವುದು ಸಲೀಸಾಗಿತ್ತು. ಈಗ ಬರುವುದು ಕಷ್ಟದ ಭಾಗ. ಇನ್ನೂ ಸ್ವಲ್ಪ ಈಜುಡುಗೆಯ ಕಥೆಯನ್ನೇ ಹೇಳಿ ದಾಟಿಸೋಣವೇ ಎಂದು ಯೋಚಿಸಿದೆ. ಬೇಡ, ಹೇಳಿಬಿಡುತ್ತೇನೆ.

ಮೂರು ಆಸ್ಪತ್ರೆಗಳ ಲಾಂಡ್ರಿಗಳಿಗೂ ಒಬ್ಬರೇ ಮುಖ್ಯಸ್ಥೆ, ಆ ಹುದ್ದೆ ನನಗೆ ಎಂದು ಸುದ್ದಿ ಬಂದಾಗ ನನಗಿಂತ ಮೊದಲು ಕುಣಿದವಳು ನೀನು. 'ಅಮ್ಮ ಬಾಸ್' ಎಂದು ಬರೆಸಿ ಕೇಕ್ ಕಳಿಸಿದೆ. ಆಮೇಲೆ ನೀನು ಕೇಳಿದಾಗಲೆಲ್ಲ "ಇನ್ನೂ ಆದೇಶ ಬಂದಿಲ್ಲ" ಎನ್ನುತ್ತ ಬಂದೆನಲ್ಲ, ಅದು ಸುಳ್ಳು. ಆದೇಶ ಎಂದೋ ತಯಾರಾಗಿತ್ತು. ನನ್ನ ಒಪ್ಪಿಗೆಗೆ ಆಡಳಿತಾಧಿಕಾರಿ ಕಾಯುತ್ತಿದ್ದರು. ಆ ಹುದ್ದೆಯ ಮೇಲೆ ನನಗೆ ಆಸೆಯಿರಲಿಲ್ಲ ಎಂದರೆ ಅದೂ ಸುಳ್ಳೇ. ವರ್ಷಗಟ್ಟಲೆ ಅದರ ಕನಸು ಕಂಡಿದ್ದೇನೆ. ಸ್ವಂತ ಕೋಣೆ, ಬಾಗಿಲ ಮೇಲೆ ಹೆಸರು, ಓಡಾಡಲು ಕಾರು. ಜೊತೆಗೆ ಎರಡು ಫೋನು, ಮೂರು ಊರು, ಯಾವ ಹೊತ್ತಿಗೆ ಕರೆದರೂ ಎದ್ದು ಹೊರಡುವುದು. ಅದೂ ನನಗೆ ಹೊಸದಲ್ಲ. ನನ್ನಿಂದ ಆಗುತ್ತಿತ್ತು. ಚೆನ್ನಾಗಿಯೇ ಮಾಡುತ್ತಿದ್ದೆ.

ಉತ್ತರ ಹೇಳಬೇಕಾದ ದಿನ ಬೆಳಿಗ್ಗೆಯೇ ಕೊಳದಲ್ಲಿ ನನ್ನ ಪರೀಕ್ಷೆ. ಈ ಅಂಚಿನಿಂದ ಆ ಅಂಚಿಗೆ, ಆಳದ ಭಾಗವನ್ನೂ ದಾಟಿ, ಒಬ್ಬಳೇ ಹೋಗಬೇಕು. ಟೀಚರ್ ಸೀಟಿ ಊದಿದಳು, ಸ್ಟಾಪ್‌ವಾಚು ಒತ್ತಿದಳು, ನಾನು ಹೊರಟೆ. ಅರ್ಧ ದಾರಿ ಚೆನ್ನಾಗಿಯೇ ಹೋಯಿತು. ಆಮೇಲೆ ತಲೆಯೊಳಗೆ ಆಡಳಿತಾಧಿಕಾರಿ ಬಂದು ಕೂತರು. ಇದನ್ನು ಬೇಗ ಮುಗಿಸಬೇಕು, ತಲೆ ಒಣಗಿಸಬೇಕು, ಸಮಯಕ್ಕೆ ಸರಿಯಾಗಿ ಅವರ ಮುಂದಿರಬೇಕು ಎಂದು ಲೆಕ್ಕ ಹಾಕುತ್ತ ಕೈ ಜೋರಾಗಿ ಬೀಸಿದೆ. ಉಸಿರು ತಪ್ಪಿತು. ಬಾಯ್ತುಂಬ ನೀರು. ಕೆಳಗೆ ನೋಡಿದರೆ ತಳದ ಕಪ್ಪು ಗೆರೆಗಳು ಎಲ್ಲೋ ಪಾತಾಳದಲ್ಲಿ ಅಲುಗುತ್ತಿವೆ. ಕಾಲಿಟ್ಟರೆ ನೆಲವಿಲ್ಲ.

ಪುಟ್ಟೀ, ನಿಜವಾಗಿ ಹೆದರಿದೆ. ಸೀಟಿ ಟೀಚರ್ ಉದ್ದನೆಯ ಕೋಲು ಹಿಡಿದು ಅಂಚಿನಲ್ಲಿ ಓಡಿ ಬರುವುದು ಕಾಣಿಸಿತು. ನಿನ್ನ ಅಪ್ಪ ಎದ್ದು ನಿಂತಿದ್ದರು. ಅವರು ಅಷ್ಟು ಬೇಗ ಎದ್ದು ನಿಂತದ್ದನ್ನು ನಮ್ಮ ಮದುವೆಯಾದಾಗಿನಿಂದ ನಾನು ನೋಡಿಲ್ಲ.

ಆಗ ನಾನು ಕೈಕಾಲು ಬಿಟ್ಟೆ. ಯಾರಿಗೋ ಪಾಠ ಕಲಿಸಲು ಅಲ್ಲ, ಈ ಸಲ ಬೇಕೆಂದೇ. ಮೆಲ್ಲಗೆ ಅಂಗಾತ ಹೊರಳಿದೆ. ಮತ್ತೆ ಆ ಮೌನ. ಎದೆ ಮಾತ್ರ ಬಾಯ್ಲರಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೂ, 'ಆಯ್ತು, ನಿನ್ನ ಪಾಡಿಗೆ ನೀನು ಇಳಿ' ಎಂದೆ. ಇಳಿಯಿತು. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ. ಎರಡಾಳು ನೀರು ನನ್ನನ್ನು ಒಂದು ಬೆಡ್‌ಶೀಟಿನ ಹಾಗೆ ಹರಡಿ ಎತ್ತಿ ಹಿಡಿದಿತ್ತು. ಅಲ್ಲಿ ಮಲಗಿರುವಾಗ ಆಡಳಿತಾಧಿಕಾರಿಗೆ ಕೊಡಬೇಕಾದ ಉತ್ತರ ತಾನಾಗಿ ಬಂತು. ನಾನು ಹುಡುಕಿದ್ದಲ್ಲ ಕಣೇ, ಬಂತು. ಬಂದಾಗ ಎಂಥ ಖುಷಿ! ನೀರಿನಲ್ಲೇ ನಕ್ಕುಬಿಟ್ಟೆ, ಮತ್ತೊಂದು ಗುಟುಕು ಕುಡಿದೆ. ಆಮೇಲೆ ಮಗುಚಿಕೊಂಡು ಆ ಅಂಚಿನವರೆಗೆ ಈಜಿ ಮುಟ್ಟಿದೆ.

ಸೀಟಿ ಟೀಚರ್ ಕೋಲು ಬಿಸಾಕಿ ನನ್ನನ್ನು ಮೇಲೆಳೆದು ತಬ್ಬಿಕೊಂಡಳು. "ಆಂಟಿ, ವಾಚ್ ನಿಲ್ಲಿಸೋದನ್ನೇ ಮರೆತೆ!" ಎಂದು ಅತ್ತಳು, ನಕ್ಕಳು. ಅದು ಅವಳ ಕುತ್ತಿಗೆಯಲ್ಲಿ ಇನ್ನೂ ಓಡುತ್ತಲೇ ಇತ್ತು.

ಒದ್ದೆ ತಲೆಯಲ್ಲೇ ಆಡಳಿತಾಧಿಕಾರಿಯ ಕೋಣೆಗೆ ಹೋಗಿ, ಈ ಹುದ್ದೆ ನನಗೆ ಬೇಡ ಎಂದೆ. ಅವರು ಕನ್ನಡಕ ತೆಗೆದಿಟ್ಟರು.

"ಯಾಕಮ್ಮಾ? ಆರೋಗ್ಯ ಸರಿ ಇಲ್ವಾ?"

"ಈಗ ಸರಿಯಾಗ್ತಾ ಇದೆ ಸರ್."

"ಎಲ್ಲರೂ ಇದಕ್ಕೆ ಬಡಿದಾಡ್ತಾರೆ. ನೀವು ಉಳಿದ ಸಮಯಾನೆಲ್ಲ ಇಟ್ಕೊಂಡು ಏನು ಮಾಡ್ತೀರಿ?"

"ಅದು ಇನ್ನೂ ಗೊತ್ತಿಲ್ಲ ಸರ್. ಗೊತ್ತಿಲ್ಲ ಅನ್ನೋದೇ ಖುಷಿಯಾಗಿದೆ."

ನನ್ನ ಹಳೆಯ ಕೆಲಸ ಸಾಕು, ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಲು ಬಿಡಿ ಎಂದು ಕೇಳಿದೆ. ಒಪ್ಪಿದರು. ಇಸ್ತ್ರಿ ವಿಭಾಗದ ನನ್ನ ಸಹಾಯಕಿಗೆ ಆ ಹುದ್ದೆ ಸಿಕ್ಕಿದೆ. ಅವಳಿಗೆ ಅದು ಬೇಕಿತ್ತು, ಅವಳು ಅದಕ್ಕೆ ತಕ್ಕವಳೂ ಹೌದು. ಅವಳ ಬಾಗಿಲಿಗೆ ಹೆಸರಿನ ಫಲಕ ಹಾಕುವಾಗ ನಾನೇ ನಿಂತು, ಎಡಗಡೆ ಒಂಚೂರು ಮೇಲೆ ಎಂದು ಹೇಳಿ ಬಂದೆ.

ಆಸ್ಪತ್ರೆಯ ಗೇಟು ದಾಟಿದ ಮೇಲೆ ಅಳುಕಿದ್ದನ್ನೂ ಮುಚ್ಚಿಡುವುದಿಲ್ಲ. ಕೈಗೆ ಬಂದ ತುತ್ತನ್ನು ತಳ್ಳಿದೆನಲ್ಲ, ಇದೆಂಥ ಹುಚ್ಚು, ನಿನಗೆ ಯಾವ ಮುಖದಲ್ಲಿ ಹೇಳಲಿ ಎಂದು ಬಸ್ ನಿಲ್ದಾಣದಲ್ಲಿ ಸುಮ್ಮನೆ ಕೂತಿದ್ದೆ. ಮನೆಗೆ ಹೋಗಿ ನಿನ್ನ ಅಪ್ಪನಿಗೆ ಹೇಳಿದೆ. ಭಾಷಣ ನಿರೀಕ್ಷಿಸಿದ್ದೆ. ಅವರು ಕೇಳಿದ್ದು ಒಂದೇ: "ಹಾಗಾದ್ರೆ ಇನ್ಮೇಲೆ ಮಧ್ಯಾಹ್ನ ಊಟಕ್ಕೆ ಬರ್ತೀಯಾ?"

"ಬರ್ತೀನ್ರೀ."

ಅವರು ಎದ್ದು ಹೋಗಿ ಇನ್ನೊಂದು ತಟ್ಟೆ ತಂದಿಟ್ಟರು.

ಪುಟ್ಟೀ, ನಿನ್ನ ಅಪ್ಪ ಉಣ್ಣುವಾಗ ಗುನುಗುತ್ತಾರೆ, ಗೊತ್ತಿತ್ತಾ ನಿನಗೆ? ತುತ್ತಿಗೂ ತುತ್ತಿಗೂ ನಡುವೆ, ತಮಗೇ ಗೊತ್ತಿಲ್ಲದೆ, ಯಾವುದೋ ರಾಗ. ಇಷ್ಟು ವರ್ಷ ಜೊತೆಗೆ ಬಾಳಿದ ನನಗೆ ಗೊತ್ತಿರಲಿಲ್ಲ. ನಾನು ಯಾವಾಗಲೂ ಅವರಿಗಿಂತ ಮೊದಲು ಉಂಡು ಎದ್ದಿರುತ್ತಿದ್ದೆನಲ್ಲ! ಅಂದು ಅವರ ತಟ್ಟೆ ಖಾಲಿಯಾಗುವವರೆಗೆ ಕೂತಿದ್ದೆ. ಹೊಸದಾಗಿ ಮದುವೆಯಾದವಳ ಹಾಗೆ ನಾಚಿಕೆಯಾಯಿತು ಕಣೇ, ನಗಬೇಡ.

ನೀನೀಗ, "ಅಮ್ಮಾ, ನಿನಗೇನು ತಲೆ ಕೆಟ್ಟಿದೆಯಾ?" ಎನ್ನುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಅನ್ನು, ಬೈಸಿಕೊಳ್ಳುತ್ತೇನೆ. ನೀನೂ ಕೆಲಸ ಬಿಡು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಿನ್ನ ಕೆಲಸ ನಿನಗೆ ಪ್ರಾಣ, ಅದು ನನಗೆ ಗೊತ್ತು. ನಾನೂ ಲಾಂಡ್ರಿ ಬಿಟ್ಟಿಲ್ಲವಲ್ಲ. ಕೈಕಾಲು ಬಿಟ್ಟರೆ ಮುಳುಗಿಹೋಗುತ್ತೇವೆ ಎಂದು ನಾವಿಬ್ಬರೂ ನಂಬಿಕೊಂಡಿದ್ದೆವು, ಅದು ನಿಜವಲ್ಲವಂತೆ, ಅಷ್ಟನ್ನು ಮೊದಲು ನಿನಗೆ ಹೇಳಬೇಕೆನ್ನಿಸಿತು. ಬೇರೆ ಯಾರಿಗೆ ಹೇಳಲಿ?

ನಿನ್ನ ಅಪ್ಪ ಎದುರಿಗೇ ಕೂತು ಕಿತ್ತಳೆ ಸುಲಿಯುತ್ತಿದ್ದಾರೆ. ಒಂದೊಂದು ತೊಳೆಯ ನಾರನ್ನೂ ಬಿಡಿಸುತ್ತ, "ಇನ್ನೂ ಮುಗೀಲಿಲ್ವಾ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಅವರು ನನ್ನನ್ನು ಕೇಳುವ ಕಾಲ ಬಂತು ನೋಡು!

ತೇಲಲು ಕಲಿತ,
ನಿನ್ನ ಅಮ್ಮ

ತಾ.ಕ.: ಒಂದು ವಿಷಯವನ್ನು ಬೇಕೆಂದೇ ಹೇಳಲಿಲ್ಲ. ಈ ಕಾಗದವನ್ನು ನಾನು ಮನೆಯಲ್ಲಿ ಕೂತು ಬರೆಯುತ್ತಿಲ್ಲ. ನಿಮ್ಮೂರಿಗೆ ಬರುವ ರೈಲಿನಲ್ಲಿದ್ದೇವೆ, ಕಂಡ ಕಂಡ ಸ್ಟೇಷನ್ನಿನಲ್ಲೆಲ್ಲ ನಿಂತು ಮೈ ಮುರಿಯುವ ಪ್ಯಾಸೆಂಜರ್ ರೈಲು. ಅಳಿಯಂದಿರ ಮೇಲೆ ಸಿಟ್ಟಾಗಬೇಡ. ನೀನು ಆಫೀಸಿನಿಂದ ಬಂದು, ಮೇಲೆ ಹತ್ತಿ ಬರುವ ಶಕ್ತಿಯೂ ಇಲ್ಲದೆ, ಕಾರಿನಲ್ಲೇ ಸ್ಟೀರಿಂಗಿಗೆ ತಲೆಯಿಟ್ಟು ಕೂತಿರುತ್ತೀಯೆಂದು ಅವರು ಹೇಳಿದ ಮೇಲೆ ನಾನು ಮನೆಯಲ್ಲಿ ಹೇಗಿರಲಿ? ಬುದ್ಧಿ ಹೇಳಲು ಬರುತ್ತಿಲ್ಲ ಕಣೇ, ಪಕ್ಕದ ಸೀಟಿನಲ್ಲಿ ಕೂರಲು ಬರುತ್ತಿದ್ದೇನೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಇದನ್ನು ಅಂಚೆಗೆ ಹಾಕುತ್ತೇನೆ. ಕಾಗದ ಮೊದಲೋ ನಾವು ಮೊದಲೋ ಹೇಳಲಾರೆ. ನಾವೇ ಮೊದಲು ಮುಟ್ಟಿದರೆ, ನೀನು ಇದನ್ನು ಓದಿ ಮುಗಿಸುವವರೆಗೆ ವಾಪಸ್ ಹೊರಡುವುದಿಲ್ಲವೆಂದು ನಾನೂ ನಿನ್ನ ಅಪ್ಪನೂ ತೀರ್ಮಾನಿಸಿದ್ದೇವೆ. ಅಂಚೆಯವರು ಆದಷ್ಟು ನಿಧಾನ ಮಾಡಲಿ.